ಉಪ್ಪು ನೋಡುವವರು

ಕೆದಂಬಾಡಿಯ ಆ ಮನೆಯಲ್ಲಿ ಅಡುಗೆ ಮಾಡುವುದು ಕಷ್ಟವಲ್ಲ, ಮಾಡಿದ್ದನ್ನು ಎಲೆಗೆ ಬೀಳಿಸುವುದು ಕಷ್ಟ. ಈ ಸಂಗತಿ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿದ್ದವಳು ನಾತಿಯಾ ಒಬ್ಬಳೇ. ಅವಳಿಗೆ ಗಂಡ ಹೇಳಬೇಕಿತ್ತು. ಆ ಮಹಾರಾಯ ಸಂಪ್ರೀತ್ ಆರು ವರ್ಷ ಜಾರ್ಜಿಯಾ ದೇಶದಲ್ಲಿ ಡಾಕ್ಟರಿಕೆ ಓದಿ, ಅಲ್ಲೇ ಕೆಲಸಕ್ಕೆ ನಿಂತು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಮೊದಲ ಸಲ ಮನೆಗೆ ಕರೆತಂದವನು. ಮನುಷ್ಯನ ಮೈಯಲ್ಲಿರುವ ಇನ್ನೂರ ಆರು ಎಲುಬುಗಳ ಹೆಸರು ಹೇಳುತ್ತಾನಂತೆ. ಮನೆಯ ಒಂದು ಪದ್ಧತಿ ಹೇಳಲು ಅವನಿಗೆ ಪುರುಸೊತ್ತಾಗಲಿಲ್ಲ.

ಅಂದು ಭಾನುವಾರ. ಕುಟುಂಬದ ಪಾರ್ಟಿ. ಕಡಬದವರು, ಸುಳ್ಯದವರು, ಗುಂಡ್ಯದ ಕಡೆಯವರು ಎಲ್ಲ ಸೇರಿ ಅರುವತ್ತು ಜನ ಅಂಗಳದ ಶಾಮಿಯಾನದ ಕೆಳಗೆ ಕುಳಿತಿದ್ದರು. ಹೊಸ ಸೊಸೆಯನ್ನು ನೋಡುವುದು ಒಂದು ನೆಪ, ಅವಳು ಎಂತ ಬೇಯಿಸುತ್ತಾಳೆಂದು ನೋಡುವುದು ನಿಜವಾದ ಕಾರಣ. ಯಾಕೆಂದರೆ ಅಡುಗೆಯವರನ್ನು ಕರೆಯುವುದು ಬೇಡ, ಅರುವತ್ತು ಜನಕ್ಕೂ ತಾನೇ ಮಾಡುತ್ತೇನೆ ಎಂದು ನಾತಿಯಾ ಹಟ ಹಿಡಿದಿದ್ದಳು. ಹುಚ್ಚು ಹಟ! ಆದರೆ ಅದಕ್ಕೊಂದು ಕಾರಣವಿತ್ತು.

ಮನೆಗೆ ಬಂದ ಮೂರು ವಾರಗಳಲ್ಲಿ ಅವಳು ಮೂರು ಸಲ ಅಡುಗೆ ಮಾಡಿದ್ದಳು. ಅತ್ತೆ ಚೆನ್ನು ಮೂರು ಸಲವೂ ಎಲ್ಲರಿಗೂ ಬಡಿಸಿ, ಪಾತ್ರೆ ಮುಚ್ಚಿಟ್ಟು, "ನಾನು ಮತ್ತೆ ತಿಂತೇನೆ" ಎಂದಿದ್ದರು. ಆ 'ಮತ್ತೆ' ಬರಲೇ ಇಲ್ಲ. ಗಂಜಿಗೆ ಮಾವಿನ ಮಿಡಿ ನಂಜಿಕೊಂಡು ಮಲಗಿಬಿಡುತ್ತಿದ್ದರು. ಮೂರನೆಯ ಸಲ ತಾನು ಮಾಡಿದ ಚೀಸ್ ತುಂಬಿದ ರೊಟ್ಟಿಯನ್ನು ಅತ್ತೆ ಹಟ್ಟಿಯ ಹಿಂದೆ ನಾಯಿಗೆ ಹಾಕುವುದನ್ನು ನಾತಿಯಾ ಕಿಟಕಿಯಿಂದ ಕಣ್ಣಾರೆ ಕಂಡಳು. ನಾಯಿ ಬಾಲ ಅಲ್ಲಾಡಿಸುತ್ತ ಅಷ್ಟು ಸಂತೋಷದಿಂದ ತಿಂದಿತು. ಆ ಸಂತೋಷ ನೋಡಿಯೇ ಅವಳಿಗೆ ಅಳು ಬಂದದ್ದು.

ಆ ಮನೆಯ ಅಡುಗೆಕೋಣೆಗೆ ಮೂವತ್ತು ವರ್ಷಗಳಿಂದ ಸಹಾಯಕ್ಕೆ ಬರುವ ನೆರೆಮನೆಯ ತಿಮ್ಮಕ್ಕನನ್ನು ಹಿಡಿದು ಕೇಳಿದಳು. ಸಂಪ್ರೀತನ ಹಾಸ್ಟೆಲ್ ಗೆಳೆಯರೆಲ್ಲ ಈ ಕಡೆಯವರೇ ಆದ್ದರಿಂದ ಅವಳಿಗೆ ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ತುಳುವಿನಲ್ಲಿ ಬೈಗುಳ ಮಾತ್ರ ಬರುತ್ತಿತ್ತು.

"ಅತ್ತೆಗೆ ನನ್ನ ಮೇಲೆ ಕೋಪ ಉಂಟಾ?"

"ಕೋಪ ಎಂತ ಕೋಪ ಮಾರಾಯ್ತಿ! ಸೊಸೆ ಮಾಡಿದ್ದನ್ನು ಅತ್ತೆ ಒಮ್ಮೆ ತಿಂದ್ರೆ ಅವಳನ್ನು ಮನೆಯವಳು ಅಂತ ಒಪ್ಪಿದ ಹಾಗೆ. ಅದಕ್ಕೆಲ್ಲ ಸಮಯ ಬೇಕು. ಚೆನ್ನು ಮಾಡಿದ್ದನ್ನು ಅವಳ ಅತ್ತೆ ತಿನ್ಲಿಕ್ಕೆ ಹನ್ನೊಂದು ವರ್ಷ ತೆಗ್ದಿದ್ದಾರೆ."

ಹನ್ನೊಂದು ವರ್ಷ! ನಾತಿಯಾಳ ವಿಮಾನ ಮಂಗಳವಾರ. ಹಾಗಾಗಿ ಭಾನುವಾರವೇ ಆಗಬೇಕು, ಅತ್ತೆಯ ಬಾಯಿಗೆ ತನ್ನ ಕೈಯ ಒಂದು ತುತ್ತು ಬೀಳಲೇಬೇಕು ಎಂದು ಅವಳು ತೀರ್ಮಾನಿಸಿದಳು. ಅದಕ್ಕೆ ಅವಳು ಆರಿಸಿದ್ದು ಖಿಂಕಾಲಿ. ಅವಳ ಅಜ್ಜಿ ಬೆಟ್ಟದ ಊರಿನಲ್ಲಿ ಮಾಡುತ್ತಿದ್ದ ತಿಂಡಿ. ಮೈದಾ ಹಿಟ್ಟನ್ನು ಲಟ್ಟಿಸಿ, ಒಳಗೆ ನುಣ್ಣಗೆ ಅರೆದ ಮಾಂಸವನ್ನೂ ನೀರುಳ್ಳಿಯನ್ನೂ ಇಟ್ಟು, ನೆರಿಗೆ ಹಿಡಿದು ಮೇಲೆ ಒಂದು ತೊಟ್ಟು ಮಾಡಿ ಕುದಿಯುವ ನೀರಿಗೆ ಬಿಡುವುದು. ಬೇಯುವಾಗ ಒಳಗೇ ಸಾರು ಹುಟ್ಟುತ್ತದೆ. ತೊಟ್ಟು ಹಿಡಿದು, ಮೆಲ್ಲಗೆ ಕಚ್ಚಿ, ಮೊದಲು ಸಾರು ಹೀರಬೇಕು. ಬಿಸಿಯಿರುವಾಗಲೇ ತಿನ್ನಬೇಕು. ಆರಿದ ಖಿಂಕಾಲಿಯನ್ನು ಅವಳ ಅಜ್ಜಿ ಮುಟ್ಟುತ್ತಲೂ ಇರಲಿಲ್ಲ.

ಬೆಳಗ್ಗೆ ಪುತ್ತೂರಿನಿಂದ ಮಾಂಸದಂಗಡಿಯ ಪೋಕರ್ ಬ್ಯಾರಿ ಸ್ಕೂಟರಿನಲ್ಲಿ ಆಡಿನ ಮಾಂಸ ತಂದ. ಎರಡು ಸಲ ಯಂತ್ರಕ್ಕೆ ಹಾಕಿಸಿದ್ದರ ಬಗ್ಗೆ ಅವನಿಗೆ ತುಂಬಾ ಬೇಸರವಿತ್ತು. "ಇಷ್ಟು ಸಣ್ಣ ಮಾಡಿದ್ರೆ ಆಡು ಸತ್ತದ್ದಕ್ಕೆ ಎಂತ ಅರ್ಥ ಉಂಟು?" ಎಂದು ಕೇಳಿಯೇ ಹೋದ. ಸಂಪ್ರೀತನ ಚಿಕ್ಕಪ್ಪನ ಮಗಳು ಸುಪ್ರಿತಾ, ಪುತ್ತೂರಿನಲ್ಲಿ ನರ್ಸ್ ಆಗಿರುವವಳು, ಹಿಟ್ಟು ಲಟ್ಟಿಸಿದಳು. ತಿಮ್ಮಕ್ಕ ನೆರಿಗೆ ಹಿಡಿದರು. ಹಲಸಿನ ಎಲೆಯಲ್ಲಿ ಕೊಟ್ಟಿಗೆ ಕಡುಬು ಕಟ್ಟಿ ಕಟ್ಟಿ ಪಳಗಿದ ಕೈ ಅದು, ನಾತಿಯಾಳಿಗಿಂತ ಚಂದದ ನೆರಿಗೆ ಬಂತು. ಅವರಿಬ್ಬರು ಬರುವ ಮೊದಲೇ ನಾತಿಯಾ ಒಬ್ಬಳೇ ಮಾಂಸಕ್ಕೆ ಉಪ್ಪು ಹಾಕಿ, ಬೆರಳ ತುದಿಯಲ್ಲಿ ಹಸಿಯದನ್ನೇ ನೆಕ್ಕಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದ್ದಳು. ನೆರಿಗೆ ಹಿಡಿಯುವ ಹೊತ್ತಿಗೆ ಚೆನ್ನು ಬಾಗಿಲಲ್ಲಿ ನಿಂತು ನೋಡಿ ಹೋದರು.

ಮಧ್ಯಾಹ್ನ ಹನ್ನೆರಡೂವರೆಗೆ ಅಂಗಳದ ಮೂಲೆಯ ಹಂಡೆಯಿಂದ ಮೊದಲ ನಲವತ್ತು ಖಿಂಕಾಲಿ ಹೊರಬಂದವು. ಹಬೆಯಾಡುವ ಹರಿವಾಣ ಎತ್ತಿಕೊಂಡು ನಾತಿಯಾ ಕೂಗಿದಳು. "ಬನ್ನಿ ಬನ್ನಿ, ಬಿಸಿ ಬಿಸಿ ತಿನ್ನಿ!"

ಒಬ್ಬರೂ ಏಳಲಿಲ್ಲ. ಅರುವತ್ತು ಜನರೂ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಜಗಲಿಯ ಆರಾಮಕುರ್ಚಿಯಲ್ಲಿ ಸಂಪ್ರೀತನ ಅಜ್ಜ ತ್ಯಾಂಪಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ಕುಳಿತಿದ್ದರು. ಸಂಪ್ರೀತ್ ಹಣೆಗೆ ಹೊಡೆದುಕೊಂಡ.

"ಅಯ್ಯೋ ದೇವರೇ, ಅಜ್ಜ ಉಪ್ಪು ನೋಡ್ಬೇಕು!"

ಈಗ ನೆನಪಾಯಿತು ಡಾಕ್ಟರಿಗೆ.

ಆ ಕುಟುಂಬದಲ್ಲಿ ಉಪ್ಪು ನೋಡುವುದೆಂದರೆ ನೀವು ನಾವು ಸೌಟಿನಿಂದ ಅಂಗೈಗೆ ಸುರಿದು ನೆಕ್ಕುವ ಹಾಗಲ್ಲ. ಅದು ಯಜಮಾನಿಕೆ. ಯಾವ ಸಮಾರಂಭವೇ ಆಗಲಿ, ಅಡುಗೆ ಮಾಡಿದವರು ರುಚಿ ನೋಡಬಾರದು. ಮನೆಯ ಹಿರಿಯ ಬೆಳಗ್ಗಿನಿಂದ ಬಾಯಿಗೆ ಏನೂ ಹಾಕದೆ ಕಾದಿದ್ದು, ಒಂದು ಹನಿ ನಾಲಗೆಗೆ ಮುಟ್ಟಿಸಿ, ಬಾಯಿ ಮುಕ್ಕಳಿಸಿ, "ಉಪ್ಪು ಸರಿ ಉಂಟು, ಬಡಿಸಿ" ಎನ್ನಬೇಕು. ಆ ಮೇಲೆಯೇ ಎಲೆ ಹಾಕುವುದು. ಉಪ್ಪು ನೋಡಿದವನು ಎಲ್ಲರದೂ ಆದ ಮೇಲೆ ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಒಮ್ಮೆ ತ್ಯಾಂಪಣ್ಣ ಹಾಸನದಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿ ಬಸ್ಸು ನಿಂತುಬಿಟ್ಟಿತ್ತು. ಮನೆಯಲ್ಲಿ ಮದುವೆ. ಸಂಜೆ ನಾಲ್ಕೂವರೆಗೆ ಅವರು ಬಂದು ಸಾಂಬಾರು ನೆಕ್ಕುವವರೆಗೆ ಮುನ್ನೂರು ಜನ ಕಾದರು. ಮದುಮಗಳು ತಲೆತಿರುಗಿ ಬಿದ್ದಳು. ಆದರೂ ಯಾರೂ ಎಲೆ ಹಾಕಲಿಲ್ಲ. ಅಂಥವರು ಇವರು!

ಹರಿವಾಣ ಜಗಲಿಗೆ ಹೋಯಿತು. ತ್ಯಾಂಪಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಸಾರು ಎಲ್ಲುಂಟು?"

"ಒಳಗೆ ಉಂಟು ಅಜ್ಜ," ಎಂದಳು ನಾತಿಯಾ.

"ಒಳಗಿದ್ರೆ ನಾನು ನೋಡುದು ಹೇಗೆ ಮಗಾ?"

"ಕಚ್ಚಿ."

"ಕಚ್ಚಿದ್ರೆ ಊಟ ಮಾಡಿದ ಹಾಗೆ ಆಯ್ತಲ್ಲ!"

ಅಲ್ಲಿಗೆ ಪ್ರಶ್ನೆ ಎದ್ದಿತು. ಕಚ್ಚಿದರೆ ನೋಡಿದ್ದೋ, ಉಂಡದ್ದೋ? ಜಗಲಿಯ ಸುತ್ತ ಗಂಡಸರು ಸೇರಿದರು. ಸುಳ್ಯದಿಂದ ಬಂದಿದ್ದ, ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಭಾವನೊಬ್ಬರು ಎದ್ದು ನಿಂತು, ಹಲ್ಲು ತಾಗಿದರೆ ಊಟ, ನಾಲಗೆ ಮಾತ್ರ ತಾಗಿದರೆ ನೋಟ ಎಂದು ತೀರ್ಪು ಕೊಟ್ಟರು. ಕಡಬದವರು ಒಪ್ಪಲಿಲ್ಲ. ಹಾಗಾದರೆ ಪಾಯಸ ಕುಡಿದವನು ಉಂಡ ಹಾಗಲ್ಲವೋ ಎಂದು ಕೇಳಿದರು. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ನಾತಿಯಾ ಹರಿವಾಣವನ್ನೇ ನೋಡುತ್ತಿದ್ದಳು. ಹಬೆ ಹೋಗಿತ್ತು. ನೆರಿಗೆಗಳ ಮೇಲೆ ಕೊಬ್ಬು ಬಿಳಿಯಾಗಿ ಕೂತಿತ್ತು.

ಕೊನೆಗೆ ಸಂಪ್ರೀತ್ ಒಂದನ್ನು ತಟ್ಟೆಯಲ್ಲಿ ಒಡೆದು, ಸಾರು ಬಸಿದು ಅಜ್ಜನ ಮುಂದೆ ಹಿಡಿದ. ತ್ಯಾಂಪಣ್ಣ ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿದರು. ಅಂಗಳದಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು.

"ಸಾಲದು. ಒಂದು ಹಿಡಿ ಹಾಕಿ."

"ಉಪ್ಪು ಸರಿ ಉಂಟು ಅಜ್ಜ!" ನಾತಿಯಾ ತಡೆಯಲಾರದೆ ಹೇಳಿದಳು. "ನಾನೇ ನೋಡಿದ್ದೇನೆ."

ಅಡುಗೆಯವಳು ರುಚಿ ನೋಡಿದ್ದಾಳೆ! ಗುಂಡ್ಯದ ದೊಡ್ಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ತಿಮ್ಮಕ್ಕ ನಾತಿಯಾಳ ರಟ್ಟೆ ಹಿಡಿದು ಹಂಡೆಯ ಹಿಂದಕ್ಕೆ ಎಳೆದುಕೊಂಡು ಹೋದರು.

"ನೀನು ಉಪ್ಪು ಹಾಕಿದ್ದಿಯಾ?"

"ಹಾಕದೆ? ಅಡುಗೆಗೆ ಉಪ್ಪು ಹಾಕುದಿಲ್ವಾ?"

"ಈ ಮನೆಯಲ್ಲಿ ಜನ ಸೇರಿದ ದಿನ ಹಾಕುದಿಲ್ಲ!" ತಿಮ್ಮಕ್ಕ ದನಿ ತಗ್ಗಿಸಿದರು. "ನಾಲ್ಕು ವರ್ಷ ಆಯ್ತು, ಎಂತ ಕೊಟ್ರೂ ಅಜ್ಜ ಒಂದು ಹಿಡಿ ಹಾಕಿ ಅಂತಾರೆ. ಪಾಯಸಕ್ಕೂ ಹಾಗೇ ಹೇಳಿದ್ದಾರೆ. ಹಾಗಾಗಿ ನಿನ್ನತ್ತೆ ಉಪ್ಪು ಹಾಕದೆ ಬೇಯಿಸುದು. ಅಜ್ಜ ಹೇಳಿದ ಮೇಲೆ ಒಂದು ಹಿಡಿ ಹಾಕುದು. ಸರಿಯಾಗ್ತದೆ. ಅವರ ಮರ್ಯಾದೆಯೂ ಉಳೀತದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಉಪ್ಪು ಹಾಕ್ತಿ ಅಂತ ಯಾರಿಗೆ ಗೊತ್ತಿತ್ತು ಮಾರಾಯ್ತಿ?"

ನಾತಿಯಾ ಹಂಡೆಯ ಕೆಳಗಿನ ಬೆಂಕಿಗೆ ಇನ್ನೊಂದು ಕೊಳ್ಳಿ ತುರುಕಿದಳು.

ಇತ್ತ ಅಂಗಳದಲ್ಲಿ ಇನ್ನೊಂದು ಗೊಂದಲ. ಹಿರಿಯರ ಬಾಯಿಂದ ಮಾತು ಬಿದ್ದಾಗಿದೆ, ಒಂದು ಹಿಡಿ ಹಾಕಲೇಬೇಕು. ಸಾಂಬಾರಾದರೆ ಹಾಕಿ ತಿರುವಬಹುದು. ಬಾಯಿ ಮುಚ್ಚಿದ ಇನ್ನೂರು ಖಿಂಕಾಲಿಗಳ ಒಳಗೆ ಉಪ್ಪು ಹಾಕುವುದು ಹೇಗೆ? ಒಬ್ಬರು ಬಿಚ್ಚಿ ಮತ್ತೆ ಕಟ್ಟಿ ಎಂದರು. ಇನ್ನೊಬ್ಬರು ರಾತ್ರಿಯವರೆಗೆ ಉಪ್ಪುನೀರಿನಲ್ಲಿ ನೆನೆಸಿಡಿ ಎಂದರು. ಆಗ ಸಂಪ್ರೀತನ ಮುಖ ಬೆಳಗಿತು. ಒಳಗೆ ಓಡಿ ತನ್ನ ಡಾಕ್ಟರ್ ಚೀಲ ತಂದ. ಉಪ್ಪು ಕದಡಿ ಬಟ್ಟಲು ತುಂಬ ಗಟ್ಟಿ ಉಪ್ಪುನೀರು ಮಾಡಿ, ಸಿರಿಂಜಿಗೆ ಎಳೆದುಕೊಂಡು, ಬಾಳೆ ಎಲೆಯ ಮೇಲೆ ಸಾಲಾಗಿ ಮಲಗಿಸಿದ್ದ ಹಸಿ ಖಿಂಕಾಲಿಗಳ ಮುಂದೆ ಮಂಡಿಯೂರಿದ.

ಮೊದಲನೆಯದು ಹರಿದುಹೋಯಿತು. ಎರಡನೆಯದರ ಆಚೆ ಬದಿಯಿಂದ ಸೂಜಿ ಹೊರಬಂತು.

"ಡಾಕ್ಟ್ರಿಗೆ ಚುಚ್ಚಲಿಕ್ಕೆ ಎಲ್ಲಿ ಬರ್ತದೆ? ಇಲ್ಲಿ ಕೊಡು," ಎಂದು ಸುಪ್ರಿತಾ ಸಿರಿಂಜು ಕಿತ್ತುಕೊಂಡಳು. ಅವಳ ಕೈ ಹಗುರ. ಹತ್ತಿಯಿಂದ ಹಿಟ್ಟನ್ನು ಒರಸಿ, ಓರೆಯಾಗಿ ಚುಚ್ಚಿ, ತೆಗೆದು, ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದಳು. ಅಭ್ಯಾಸಬಲದಿಂದ ಪ್ರತಿಯೊಂದಕ್ಕೂ "ಒಂಚೂರು ಇರುವೆ ಕಚ್ಚಿದ ಹಾಗೆ ಆಗ್ತದೆ, ಅಷ್ಟೇ" ಎನ್ನುತ್ತಿದ್ದಳು. ಕಡಬದ ಒಬ್ಬ ಚಿಕ್ಕಮ್ಮ ತನಗೂ ಶಕ್ತಿಗೊಂದು ಚುಚ್ಚು ಸಿಗುತ್ತದೋ ಎಂದು ತೋಳು ಮೇಲೇರಿಸಿ ಸಾಲಿನ ಕೊನೆಗೆ ಬಂದು ನಿಂತರು.

ನಾತಿಯಾ ಬಂದು ನೋಡಿದಳು. ಅವಳ ಊರಿನಲ್ಲಿ ಖಿಂಕಾಲಿಗೆ ಮುಳ್ಳುಚಮಚ ಚುಚ್ಚಿದವನನ್ನೇ ಎರಡನೆಯ ಸಲ ಮನೆಗೆ ಕರೆಯುವುದಿಲ್ಲ. ಇಲ್ಲಿ ಕಟ್ಟಿಕೊಂಡ ಗಂಡನೇ ಸೂಜಿ ಚುಚ್ಚಿಸುತ್ತಿದ್ದಾನೆ. ಚುಚ್ಚಿದಲ್ಲೆಲ್ಲ ಹಿಟ್ಟು ಒದ್ದೆಯಾಗಿ ಸೋರುತ್ತಿತ್ತು. ಬಾಗಿಲ ಬಳಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಗುತ್ತಿದ್ದಾರೋ, ಅಸಹ್ಯಪಡುತ್ತಿದ್ದಾರೋ ತಿಳಿಯಲಿಲ್ಲ. ಎರಡರಲ್ಲಿ ಯಾವುದೇ ಆಗಲಿ, ತಾನು ಮಾಡಿದ್ದನ್ನು ಇವರು ಇನ್ನು ಈ ಜನ್ಮದಲ್ಲಿ ತಿನ್ನುವುದಿಲ್ಲ ಎಂದುಕೊಂಡಾಗ ನಾತಿಯಾಳ ಪಿತ್ತ ನೆತ್ತಿಗೇರಿತು. ತನಗೆ ಗೊತ್ತಿದ್ದ ತುಳುವನ್ನೆಲ್ಲ ಒಂದೇ ಉಸಿರಿಗೆ ಆಡಿಬಿಟ್ಟಳು. ಸುಳ್ಯದ ಭಾವ ಕಿವಿ ಮುಚ್ಚಿಕೊಂಡರು.

ಆಮೇಲೆ ಉಪ್ಪುನೀರಿನ ಬಟ್ಟಲನ್ನೇ ಎತ್ತಿಕೊಂಡು ದಡದಡ ಜಗಲಿ ಹತ್ತಿದಳು.

"ಅಜ್ಜ, ಇದು ನೋಡಿ. ಇದು ಸಾಕಾ?"

ಕೋಪದಲ್ಲಿ, ಅಣಕಿಸಲೆಂದು ಹಿಡಿದದ್ದು. ಬರೀ ಉಪ್ಪುನೀರು, ಸಮುದ್ರದ್ದು ಇದರ ಮುಂದೆ ಸಪ್ಪೆ. ಅಜ್ಜ ಬಾಯಿಗಿಟ್ಟ ಕೂಡಲೇ ಥೂ ಎಂದು ಉಗುಳುತ್ತಾರೆ, ಆಗಲಾದರೂ ಈ ಹುಚ್ಚಾಟ ನಿಲ್ಲುತ್ತದೆ ಎಂದುಕೊಂಡಿದ್ದಳು. ತ್ಯಾಂಪಣ್ಣ ಗಂಭೀರವಾಗಿ ಬೆರಳು ಅದ್ದಿದರು. ನಾಲಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದರು.

"ಸಾಲದು," ಎಂದರು. "ಇನ್ನೊಂದು ಹಿಡಿ."

ಬಟ್ಟಲಿನಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ತ್ಯಾಂಪಣ್ಣ ಕಣ್ಣು ತೆರೆದು ಎದುರಿಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು. ಬಟ್ಟಲನ್ನು ನೋಡಿದರು. ತಳದಲ್ಲಿ ಕರಗದ ಉಪ್ಪಿನ ಹರಳುಗಳು ಬೆಳ್ಳಗೆ ಕಾಣುತ್ತಿದ್ದವು. ಅದ್ದಿದ ಬೆರಳನ್ನು ಇಸ್ತ್ರಿ ಮಾಡಿದ ಶರ್ಟಿಗೇ ಒರಸಿಕೊಂಡರು.

ನಾತಿಯಾಳಿಗೆ ನೆಲ ಬಾಯ್ದೆರೆಯಬಾರದೇ ಎನ್ನಿಸಿತು. ಈ ಮನೆಯಲ್ಲಿ ಅವಳನ್ನು ಮೊದಲು 'ಮಗಾ' ಎಂದು ಕರೆದವರು ಇವರೇ. ಅವರ ಮಾನವನ್ನು ಅರುವತ್ತು ಜನರೆದುರು ಒಂದು ಬಟ್ಟಲಿನಲ್ಲಿ ಕಳೆದಿದ್ದಳು. "ಅಜ್ಜ, ನಾನು ತಪ್ಪು ಮಾಡಿದೆ," ಎಂದಳು.

"ನೀನು ಎಂತ ತಪ್ಪು ಮಾಡಿದ್ದು?" ತ್ಯಾಂಪಣ್ಣ ನಿಟ್ಟುಸಿರಿಟ್ಟರು. "ಆ ಕೊರೊನ ಜ್ವರ ಬಂದು ಹೋಯ್ತಲ್ಲ, ಅದರೊಟ್ಟಿಗೆ ನಾಲಗೆಯೂ ಹೋಯ್ತು ಮಗಾ. ಅಂದಿನಿಂದ ಸಕ್ಕರೆಯೂ ಒಂದೇ, ಉಪ್ಪೂ ಒಂದೇ, ಹುಲ್ಲೂ ಒಂದೇ. ಹೇಳಿದ್ರೆ ಈ ಕುರ್ಚಿಯಲ್ಲಿ ಸುಮ್ಮನೆ ಕೂತ ಮುದುಕ ಆಗ್ತೇನೆ. ಅದಕ್ಕೆ ಹೇಳ್ಲಿಲ್ಲ."

"ನಮಗೆ ಹೇಳ್ಬಹುದಿತ್ತಲ್ಲ ಅಜ್ಜ," ಎಂದ ಸಂಪ್ರೀತ್.

"ನೀವು ನನಗೆ ಹೇಳಿದ್ರಾ? ನಾಲ್ಕು ವರ್ಷದಿಂದ ಚೆನ್ನು ಉಪ್ಪು ಹಾಕದೆ ಬೇಯಿಸುದು ನನಗೆ ಗೊತ್ತಿಲ್ವಾ? ಬಾವಿಕಟ್ಟೆಯಲ್ಲಿ ನೀವು ಹೆಂಗಸರು ಮಾತಾಡುದು ಇಲ್ಲಿಗೆ ಕೇಳ್ತದೆ. ಹೋದದ್ದು ನಾಲಗೆ. ಕಿವಿ ಗಟ್ಟಿ ಉಂಟು. ನೀವು ಒಂದು ಹಿಡಿ ಕಡಿಮೆ ಹಾಕ್ತೀರಿ ಅಂತ ನಾನು ಒಂದು ಹಿಡಿ ಹೆಚ್ಚು ಹೇಳಿದೆ. ಹೇಳದಿದ್ರೆ ಅರುವತ್ತು ಜನ ಸಪ್ಪೆ ಉಣ್ಬೇಕಿತ್ತು!"

ತಿಮ್ಮಕ್ಕ ಹಂಡೆಯ ಹಿಂದೆ ಅಡಗಿದರು. ಮೊದಲು ನಕ್ಕವರು ಗುಂಡ್ಯದ ದೊಡ್ಡಮ್ಮ. ಮತ್ತೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ತ್ಯಾಂಪಣ್ಣನವರಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಾತಿಯಾ ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ಆದರೆ ನಗುವಿನಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಗಂಟೆ ಎರಡಾಗುತ್ತ ಬಂದಿತ್ತು. ಉಪ್ಪು ನೋಡುವವರು ಯಾರು? ಲೆಕ್ಕಕ್ಕೆ ಮುಂದಿನವರು ಸಂಪ್ರೀತನ ಅಪ್ಪ. ಅವರು ಹನ್ನೊಂದು ಗಂಟೆಗೇ ಹಟ್ಟಿಯ ಹಿಂದೆ ಸುಳ್ಯದ ಭಾವನೊಟ್ಟಿಗೆ 'ಸ್ವಲ್ಪ' ಹಾಕಿ ಬಂದಿದ್ದರು. ಅಲ್ಲಿಗೆ ಭಾವನ ಕಥೆಯೂ ಮುಗಿಯಿತು. ಕಡಬದ ಚಿಕ್ಕಪ್ಪನ ಬಾಯಿ ತುಂಬ ಎಲೆಯಡಿಕೆ. ಇನ್ನೊಬ್ಬರು ಬರುವ ದಾರಿಯಲ್ಲಿ ಹೋಟೆಲಿನಲ್ಲಿ ಬನ್ಸ್ ತಿಂದಿದ್ದೇನೆಂದು ತಲೆ ತಗ್ಗಿಸಿ ಒಪ್ಪಿಕೊಂಡರು. ಹುಡುಕಿದರೆ, ಬೆಳಗ್ಗಿನಿಂದ ಬಾಯಿಗೆ ಏನೂ ಹಾಕದ ಗಂಡಸು ಎಂದು ಆ ಅಂಗಳದಲ್ಲಿ ಒಬ್ಬ ಇರಲಿಲ್ಲ. ನಾಚಿಕೆಗೇಡು.

ತ್ಯಾಂಪಣ್ಣ ಬಾಗಿಲ ಕಡೆ ನೋಡಿದರು.

"ಚೆನ್ನೂ, ನೀನು ಎಂತಾದ್ರೂ ತಿಂದಿದ್ದಿಯಾ?"

"ಇಲ್ಲ ಮಾವ. ಚಾ ಕೂಡ ಕುಡೀಲಿಲ್ಲ. ಪುರುಸೊತ್ತು ಎಲ್ಲಿತ್ತು?"

"ಹಾಗಾದ್ರೆ ನೀನೇ ನೋಡು."

"ನಾನಾ?" ಚೆನ್ನು ಒಂದು ಹೆಜ್ಜೆ ಹಿಂದೆ ಸರಿದರು. "ಹೆಂಗಸರು ನೋಡುದುಂಟಾ?"

"ನಾಲಗೆ ಇಲ್ಲದವ ನಾಲ್ಕು ವರ್ಷ ನೋಡಿದ್ದೇನೆ. ನಿನಗೆ ಎಂತ ಆಗಿದೆ? ನೋಡು."

ಸೂಜಿ ತಾಗದೆ ಉಳಿದಿದ್ದ ಖಿಂಕಾಲಿಗಳನ್ನು ನಾತಿಯಾ ಹಂಡೆಗೆ ಬಿಟ್ಟಳು. ಎಂಟು ನಿಮಿಷ ಅಲ್ಲಾಡದೆ ನಿಂತಳು. ಹಬೆಯಾಡುವ ಹರಿವಾಣವನ್ನು ಅತ್ತೆಯ ಮುಂದೆ ಇಟ್ಟಳು.

"ತೊಟ್ಟು ಹಿಡೀರಿ ಅತ್ತೆ. ಹೀಗೆ ಮೇಲೆತ್ತಿ, ಒಂಚೂರು ಕಚ್ಚಿ. ಸಾರು ಮೊದಲು."

ಚೆನ್ನು ಸುತ್ತ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ತೊಟ್ಟು ಹಿಡಿದು, ಕತ್ತು ಓರೆ ಮಾಡಿ ಕಚ್ಚಿದರು. ಸುರ್ರ್ ಎಂಬ ಸದ್ದು ಇಡೀ ಶಾಮಿಯಾನಕ್ಕೆ ಕೇಳಿತು. ಮೊಣಕೈಗೆ ಇಳಿದ ಸಾರನ್ನು ಅವರು ಒರಸಿಕೊಳ್ಳಲಿಲ್ಲ. ಅಗಿದರು. ನುಂಗಿದರು. ಆಕಾಶ ನೋಡಿದರು.

"ಎಂತ ಚೆನ್ನೂ?" ಎಂದರು ತ್ಯಾಂಪಣ್ಣ.

"ಒಂದರಲ್ಲಿ ಸರಿಯಾಗಿ ಗೊತ್ತಾಗುದಿಲ್ಲ ಮಾವ," ಎಂದು ಚೆನ್ನು ಎರಡನೆಯದನ್ನು ಎತ್ತಿದರು.

ಎರಡನೆಯದರ ಮೇಲೆ ಮೂರನೆಯದು. ಈ ಸಲ ನಿಂತುಕೊಂಡಲ್ಲ. ನಾತಿಯಾಳ ಪಕ್ಕದಲ್ಲಿ, ಜಗಲಿಯ ಮೆಟ್ಟಿಲಿನ ಮೇಲೆ ಕಾಲು ನೀಡಿ ಕುಳಿತರು. ಅಂಗಳದಲ್ಲಿ ಅರುವತ್ತು ಜನ ಎಂಜಲು ನುಂಗುತ್ತ ಅವರ ಬಾಯಿಯನ್ನೇ ನೋಡುತ್ತಿದ್ದರು. ಸುಳ್ಯದ ಭಾವ, ಹಲ್ಲು ತಾಗಿದರೆ ಊಟ ಎಂದು ಮತ್ತೆ ನೆನಪಿಸಲು ಎದ್ದವರು ತ್ಯಾಂಪಣ್ಣನವರ ಮುಖ ನೋಡಿ ಕುಳಿತರು. ಉಪ್ಪು ನೋಡುತ್ತಿರುವವರನ್ನು ತಡೆಯುವ ಪದ್ಧತಿ ಆ ಮನೆಯಲ್ಲಿ ಎಂದೂ ಇರಲಿಲ್ಲ. ನಾತಿಯಾ ಅಳುತ್ತಿದ್ದಳು, ಅಳುತ್ತಲೇ ಹರಿವಾಣವನ್ನು ಅತ್ತೆಯ ಕೈಗೆ ಇನ್ನಷ್ಟು ಹತ್ತಿರ ಸರಿಸುತ್ತಿದ್ದಳು.

"ಅತ್ತಿಗೆ, ನಮಗೆ ಬಡಿಸ್ಬಹುದಾ?" ಎಂದು ಕಡಬದ ಚಿಕ್ಕಪ್ಪ ದೈನ್ಯದಿಂದ ಕೇಳಿದರು.

"ಅವಸರ ಮಾಡ್ಬೇಡಿ," ಎಂದರು ಚೆನ್ನು, ಬಾಯಿ ತುಂಬ ಇಟ್ಟುಕೊಂಡು. "ನೋಡ್ತಾ ಇದ್ದೇನಲ್ಲ?"